ಹೆಡ್‌ಫೋನಿನಲ್ಲಿದ್ದ ದನಿ ಫೋನಿನಲ್ಲಿ ಎಲ್ಲಿ ಹೋಯಿತು?

ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಹಾಡು ರೆಕಾರ್ಡ್ ಮಾಡುವುದು ಈಗ ದೊಡ್ಡ ವಿಷಯವೇನಲ್ಲ. ಒಂದು ಯುಎಸ್‌ಬಿ ಮೈಕು, ಹಳೆಯ ಲ್ಯಾಪ್‌ಟಾಪು, ಫೋನಿನಲ್ಲಿ ತಂಬೂರಿ ಆ್ಯಪು ಇದ್ದರೆ ಆಯಿತು. ದಾಸರ ಪದ, ವಚನ, ಭಾವಗೀತೆ, ಅಜ್ಜಿಯ ಆರತಿ ಹಾಡು ಎಲ್ಲವೂ ಮಲಗುವ ಕೋಣೆಯಲ್ಲೇ ರೆಕಾರ್ಡ್ ಆಗಿ ಬೆಳಗಾಗುವಷ್ಟರಲ್ಲಿ ಯೂಟ್ಯೂಬಿನಲ್ಲಿರುತ್ತವೆ. ಹಾಡುವವರು ಚೆನ್ನಾಗಿಯೇ ಹಾಡಿರುತ್ತಾರೆ. ಕೆಡುವುದು ಆಮೇಲೆ, ‘ಎಕ್ಸ್‌ಪೋರ್ಟ್’ ಗುಂಡಿ ಒತ್ತುವ ಹೊತ್ತಿಗೆ.

ನಾನಿರುವುದು ಅಬಿಡ್ಸ್‌ನಲ್ಲಿ, ಚಿರಾಗ್ ಅಲಿ ಲೇನಿಗೆ ಹತ್ತಿರ. ಹಗಲಿನ ಕೆಲಸ ಬೇರೆ. ರಾತ್ರಿ ಹೊತ್ತು ಗೆಳೆಯರ, ಗೆಳೆಯರ ಗೆಳೆಯರ ರೆಕಾರ್ಡಿಂಗುಗಳನ್ನು ಸರಿಮಾಡಿ ಕೊಡುತ್ತೇನೆ. ಪೆನ್‌ಡ್ರೈವ್ ಕೈಗಿಡುತ್ತಾ ಎಲ್ಲರೂ ಹೇಳುವ ಮಾತು ಒಂದೇ: “ಹೆಡ್‌ಫೋನ್‌ನಲ್ಲಿ ಕೇಳಿದಾಗ ಸರಿಯಾಗೇ ಇತ್ತು ಸರ್.” ಸುಳ್ಳಲ್ಲ, ಸರಿಯಾಗಿಯೇ ಇರುತ್ತದೆ. ಆದರೆ ಆ ಹಾಡನ್ನು ಕೇಳುವ ಊರಿನ ಅಕ್ಕನಿಗೆ, ಸೋದರಮಾವನಿಗೆ ಹೆಡ್‌ಫೋನ್ ಇರುವುದಿಲ್ಲ. ಅವರು ಕೇಳುವುದು ಫೋನಿನ ತಳದಲ್ಲಿರುವ ಕಡಲೆಕಾಳಿನಷ್ಟು ಸ್ಪೀಕರಿನಲ್ಲಿ, ಒಗ್ಗರಣೆ ಸದ್ದಿನ ನಡುವೆ.

ಈ ವ್ಯತ್ಯಾಸ ಎಷ್ಟು ದುಬಾರಿಯಾಗಬಹುದು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮಾನ್ವಿ ಕಡೆಯ ಒಬ್ಬ ತಾಯಿ ಇಲ್ಲಿ ಮಗಳ ಮನೆಯಲ್ಲಿದ್ದರು. ಮಾನ್ವಿ ಎಂದರೆ ವಿಜಯದಾಸರು, ಜಗನ್ನಾಥದಾಸರ ಸೀಮೆ. ಅತ್ತೆಯಿಂದ ಕಲಿತ ಪದಗಳನ್ನು ಆ ತಾಯಿ ಅದೇ ಹಳೆಯ ಧಾಟಿಯಲ್ಲಿ ಹಾಡುತ್ತಿದ್ದರು. ಒಮ್ಮೆ ಒಂದು ಸಭಾಭವನದ ಭಜನೆಯಲ್ಲಿ ಅಲ್ಲಿದ್ದ ಮಿಕ್ಸರಿನಿಂದ ನೇರವಾಗಿ ಲ್ಯಾಪ್‌ಟಾಪಿಗೆ ತಂತಿ ಎಳೆದು ಮೊಮ್ಮಗ ರೆಕಾರ್ಡ್ ಮಾಡಿಕೊಂಡ. ಮನೆಗೆ ಬಂದು ಆ್ಯಪಿನ ತಂಬೂರಿ ಸೇರಿಸಿ, ಸ್ವಲ್ಪ ಗುಂಗು ಬರಲಿ ಎಂದು ರಿವರ್ಬ್ ಹಾಕಿ ಎಕ್ಸ್‌ಪೋರ್ಟ್ ಮಾಡಿಟ್ಟ. ಕೆಲವು ತಿಂಗಳಲ್ಲಿ ತಾಯಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಆ ಹಾಡುಗಳನ್ನು ಹಾಕಬೇಕೆಂದು ಮಗಳು ಊರಿನವರಿಗೆ ಕಳಿಸಿದರೆ, ಅಲ್ಲಿಂದ ಫೋನ್: “ಬರೇ ತಂಬೂರಿ ಕೇಳ್ತದ, ಅವ್ವನ ದನಿ ಭಾವಿಯೊಳಗಿಂದ ಬಂದಂಗ ಆಗ್ಯದ.” ಮಗಳು ನನ್ನ ಹತ್ತಿರ ಬಂದಾಗ ನಡುವೆ ಇದ್ದದ್ದು ಎರಡೇ ದಿನ. ಮೊಮ್ಮಗನ ಲ್ಯಾಪ್‌ಟಾಪು ಅಷ್ಟರಲ್ಲಿ ಕೆಟ್ಟು, ಮೂಲ ಟ್ರ್ಯಾಕುಗಳು ಹೋಗಿದ್ದವು. ಉಳಿದದ್ದು ಎಕ್ಸ್‌ಪೋರ್ಟ್ ಆದ ವೇವ್ ಫೈಲ್ ಒಂದೇ.

ಆಗಿದ್ದು ಇಷ್ಟು. ದೊಡ್ಡ ಮಿಕ್ಸರುಗಳ ಬ್ಯಾಲೆನ್ಸ್ಡ್ ಔಟ್‌ಪುಟ್ಟಿನಲ್ಲಿ ಮೂರು ತಂತಿ: ಒಂದು ಅರ್ಥ್, ಒಂದರಲ್ಲಿ ದನಿ, ಇನ್ನೊಂದರಲ್ಲಿ ಅದೇ ದನಿ ತಲೆಕೆಳಗಾಗಿ. ಉದ್ದದ ತಂತಿ ದಾರಿಯಲ್ಲಿ ಎಳೆದುಕೊಳ್ಳುವ ಗದ್ದಲ ಎರಡರಲ್ಲೂ ಒಂದೇ ಥರ ಸೇರುತ್ತದೆ. ಆ ತುದಿಯಲ್ಲಿ ಒಂದನ್ನು ತಿರುಗಿಸಿ ಕೂಡಿಸಿದರೆ ಗದ್ದಲ ಹೋಗಿ ದನಿ ಉಳಿಯುತ್ತದೆ. ಜಾಣತನದ ಏರ್ಪಾಟು. ಆದರೆ ಇದೇ ಮೂರು ತಂತಿಯನ್ನು ಲ್ಯಾಪ್‌ಟಾಪಿನ ಸ್ಟೀರಿಯೋ ತೂತಿಗೆ ಚುಚ್ಚಿದರೆ, ಅದು ಒಂದನ್ನು ಎಡ ಎಂದೂ ಇನ್ನೊಂದನ್ನು ಬಲ ಎಂದೂ ತಿಳಿದುಕೊಳ್ಳುತ್ತದೆ. ಎಡಗಿವಿಯಲ್ಲಿ ದನಿ, ಬಲಗಿವಿಯಲ್ಲಿ ತಲೆಕೆಳಗಾದ ದನಿ. ಹೆಡ್‌ಫೋನಿನಲ್ಲಿ ಎರಡೂ ಬೇರೆ ಬೇರೆ ಕಿವಿಗೆ ಹೋಗುವುದರಿಂದ ಏನೂ ಗೊತ್ತಾಗುವುದಿಲ್ಲ. ‘ಆಹಾ, ಎಷ್ಟು ವಿಶಾಲವಾಗಿದೆ’ ಅನ್ನಿಸಿದರೂ ಅನ್ನಿಸೀತು. ಒಂದೇ ಸ್ಪೀಕರಿರುವ ಫೋನು ಎಡಬಲಗಳನ್ನು ಕೂಡಿಸುತ್ತದೆ. ಐದಕ್ಕೆ ಮೈನಸ್ ಐದು ಕೂಡಿಸಿದರೆ ಸೊನ್ನೆ. ಅಜ್ಜಿಯ ದನಿ ಹೀಗೆ ಸೊನ್ನೆಯಾಗಿತ್ತು. ರಿವರ್ಬಿನಲ್ಲಿ ಎಡ-ಬಲಗಳು ಪೂರ್ತಿ ಹೊಂದುವುದಿಲ್ಲವಾದ್ದರಿಂದ ಅದರ ಗುಂಗು ಮಾತ್ರ ಉಳಿದು, ಭಾವಿಯೊಳಗಿನ ದನಿಯಂತೆ ಕೇಳುತ್ತಿತ್ತು.

ಅದೃಷ್ಟಕ್ಕೆ ಆ ಲೆಕ್ಕ ನಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ತಂಬೂರಿ ಎರಡೂ ಕಡೆ ಒಂದೇ ಥರ ಇತ್ತು, ದನಿ ಮಾತ್ರ ಎದುರುಬದುರಾಗಿತ್ತು. ಆಡಾಸಿಟಿಯಲ್ಲಿ ಸ್ಟೀರಿಯೋ ಟ್ರ್ಯಾಕನ್ನು ಎರಡು ಮೋನೋ ಆಗಿ ಸೀಳಿ, ಬಲದ್ದನ್ನು ಆರಿಸಿ ‘ಇನ್‌ವರ್ಟ್’ ಒತ್ತಿ, ಎರಡನ್ನೂ ಕೂಡಿಸಿದೆ. ಈ ಸಲ ತಂಬೂರಿ ಸೊನ್ನೆಯಾಯಿತು. ಉಳಿದದ್ದು ಆ ತಾಯಿಯ ಬಿಡಿ ದನಿ, ಚೂರು ರಿವರ್ಬಿನ ಜೊತೆ. ತಂಬೂರಿಯನ್ನು ಮತ್ತೆ ಶ್ರುತಿ ಹೊಂದಿಸಿ ಹೊಸದಾಗಿ ಸೇರಿಸಿದೆ. ಆ ಫೈಲು ವೇವ್ ಆಗಿದ್ದದ್ದಕ್ಕೆ ಇದು ಇಷ್ಟು ಶುದ್ಧವಾಗಿ ಸಾಧ್ಯವಾಯಿತು. ಎಂಪಿ3 ಆಗಿದ್ದರೆ ಕಳೆಯುವ ಲೆಕ್ಕ ಪೂರ್ತಿ ಹೊಂದದೆ, ತಂಬೂರಿಯ ಚಿಂದಿ ಚಿಂದಿ ಸದ್ದು ಉಳಿದುಕೊಳ್ಳುತ್ತಿತ್ತು. ಮಗಳು ಕೇಳಿದರು. ಮಾತಾಡಲಿಲ್ಲ. ಆಮೇಲೆ “ಇದರಾಗ ಅವ್ವ ಉಸಿರು ತಗೊಳ್ಳೋದೂ ಕೇಳ್ತದಲ್ಲ ಅಣ್ಣಾ” ಅಂದರು.

ಆದ್ದರಿಂದ ಎಕ್ಸ್‌ಪೋರ್ಟಿಗೆ ಮೊದಲು ಒಮ್ಮೆ ಮೋನೋದಲ್ಲಿ ಕೇಳಿ. ಕೆಲವು ಸಾಫ್ಟ್‌ವೇರುಗಳಲ್ಲಿ ಮಾಸ್ಟರ್ ಟ್ರ್ಯಾಕಿನಲ್ಲಿ ಒಂದು ಮೋನೋ ಗುಂಡಿ ಇರುತ್ತದೆ. ತಬಲಾದ ದಾಯಾಂ-ಬಾಯಾಂಗಳಿಗೆ ಎರಡು ಮೈಕ್ ಇಟ್ಟವರೂ, ‘ಸ್ಟೀರಿಯೋ ವೈಡನರ್’ ಎಂಬ ಆಕರ್ಷಕ ಪ್ಲಗಿನ್ ಹಾಕಿದವರೂ ತಪ್ಪದೆ ಕೇಳಬೇಕು. ಮೋನೋದಲ್ಲಿ ದನಿ ತೆಳ್ಳಗಾದರೆ, ಬಾಯಾಂ ಮಾಯವಾದರೆ, ಒಂದು ಟ್ರ್ಯಾಕನ್ನು ತಿರುಗಿಸಿ ನೋಡಿ.

ಇದು ಹೊಸ ಚಿಂತೆಯೇನೂ ಅಲ್ಲ. ಹೈದರಾಬಾದಿನ ರೇಡಿಯೋ ಶುರುವಾದದ್ದು 1930ರ ದಶಕದಲ್ಲಿ ಇದೇ ಚಿರಾಗ್ ಅಲಿ ಲೇನಿನಿಂದ, ಖಾಸಗಿಯಾಗಿ, 200 ವಾಟಿನ ಪ್ರಸಾರಯಂತ್ರದಿಂದ. ನೂರರ ಬಲ್ಬು ಎರಡು ಉರಿಯುವಷ್ಟು ಶಕ್ತಿ. ನಿಜಾಂ ಸರ್ಕಾರ ಅದನ್ನು 1935ರಲ್ಲಿ ವಹಿಸಿಕೊಂಡು ಡೆಕ್ಕನ್ ರೇಡಿಯೋ ಮಾಡಿತು. ಉರ್ದು ಜೊತೆಗೆ ತೆಲುಗು, ಮರಾಠಿ, ಕನ್ನಡಕ್ಕೂ ಅದರಲ್ಲಿ ಜಾಗವಿತ್ತು. ಸ್ಟುಡಿಯೋದಲ್ಲಿ ಎಷ್ಟು ಚೆನ್ನಾಗಿ ಕೇಳುತ್ತದೆ ಎಂಬುದರಿಂದ ರೇಡಿಯೋದವರ ಕೆಲಸ ಮುಗಿಯುವುದಿಲ್ಲ, ದೂರದ ಪೆಟ್ಟಿಗೆಯಲ್ಲಿ ಮಾತು ತಿಳಿಯಬೇಕು. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ‘ಮಾಸ್ಟರಿಂಗ್’ ಎಂದರೂ ಅದೇ. ಮೂಲ ತಟ್ಟೆಯ ಮೇಲೆ ಗೀರು ಕೊರೆಯುವವನು, ಎಲ್ಲರ ಮನೆಯ ಮುಳ್ಳೂ ಜಿಗಿಯದೆ ಓಡುವಂತೆ ಕೊರೆಯಬೇಕಿತ್ತು. ಸ್ಟೀರಿಯೋ ಬಂದಮೇಲೆ, ಎಡಬಲಗಳಲ್ಲಿ ಎದುರುಬದುರಾದ ತಗ್ಗು ಸ್ವರಗಳಿದ್ದರೆ ಮುಳ್ಳು ಹಾರಿಬಿಡುತ್ತದೆ ಎಂದು ಅವನ್ನು ನಡುವಿಗೆ ತರುತ್ತಿದ್ದರು. ಆ ಕೆಲಸ ಈಗ ನಮ್ಮ ನಿಮ್ಮ ಮಲಗುವ ಕೋಣೆಗೆ ಬಂದಿದೆ.

ಎರಡನೆಯ ದೊಡ್ಡ ಪಿಡುಗು ಜೋರಿನದು. ಮಾಸ್ಟರಿಂಗ್ ಎಂದರೆ ಜೋರು ಮಾಡುವುದು ಎಂದು ಯಾರೋ ವಿಡಿಯೋಗಳಲ್ಲಿ ಕಲಿಸಿಬಿಟ್ಟಿದ್ದಾರೆ. ಲಿಮಿಟರ್ ಹಾಕಿ ಒತ್ತುತ್ತಾ ಹೋಗುತ್ತಾರೆ. ಅಲೆಯ ಚಿತ್ರ ನೋಡಿದರೆ ಇಟ್ಟಿಗೆಯ ಹಾಗೆ ಕಾಣುತ್ತದೆ. ಸಂಜೆ ಏಳು ಗಂಟೆಗೆ ಅಬಿಡ್ಸ್ ವೃತ್ತದಲ್ಲಿ ನಿಂತರೆ ಗೊತ್ತಾಗುತ್ತದೆ, ಎಲ್ಲರೂ ಹಾರ್ನ್ ಒತ್ತಿದಾಗ ಯಾರ ಹಾರ್ನೂ ಕೇಳುವುದಿಲ್ಲ.

ಅದರಿಂದ ಲಾಭವಾದರೂ ಇದೆಯೇ ಎಂದರೆ, ಇಲ್ಲ. ಹಾಡಿನ ಒಟ್ಟು ಜೋರನ್ನು ಕಿವಿಗೆ ಕೇಳುವ ರೀತಿಯಲ್ಲಿ ಅಳೆಯುವ ಒಂದು ಮಾನ ಈಗ ಎಲ್ಲ ಕಡೆ ಬಳಕೆಯಲ್ಲಿದೆ, ಲಫ್ಸ್ ಎನ್ನುತ್ತಾರೆ. ಸ್ಪಾಟಿಫೈ ಸಾಮಾನ್ಯವಾಗಿ −14 ಲಫ್ಸ್‌ಗೆ ಎಲ್ಲ ಹಾಡುಗಳನ್ನೂ ಹೊಂದಿಸುತ್ತದೆ. ಯೂಟ್ಯೂಬಿನದೂ ಹೆಚ್ಚುಕಡಿಮೆ ಅಷ್ಟೇ, ಆಪಲ್‌ನದು −16ರ ಆಸುಪಾಸು. ನೀವು ಒತ್ತಿ ಒತ್ತಿ −8ಕ್ಕೆ ತಂದು ಏರಿಸಿದರೆ ಅವರು 6 ಡಿಬಿ ಇಳಿಸುತ್ತಾರೆ. ಪಕ್ಕದ ಹಾಡಿಗಿಂತ ನಿಮ್ಮದು ಜೋರಾಗಲಿಲ್ಲ. ಆದರೆ ಪಲ್ಲವಿಯ ಮೆಲುದನಿ, ಅನುಪಲ್ಲವಿಯ ಏರು, ತಬಲಾದ ಪೆಟ್ಟಿನ ಚುರುಕು ಎಲ್ಲ ಸಮತಟ್ಟಾಗಿದ್ದು ಹಾಗೇ ಉಳಿಯಿತು. ಭಾವಗೀತೆಯಲ್ಲಿ ಒಂದು ಸಾಲನ್ನು ಪಿಸುಗುಟ್ಟುವ ಹಾಗೆ ಹಾಡಿ ಮುಂದಿನ ಸಾಲಿನಲ್ಲಿ ದನಿ ಬಿಡುವುದೇ ಭಾವ. ಅದನ್ನೇ ಹಿಸುಕಿದ ಮೇಲೆ ಉಳಿಯುವುದೇನು?

ಯೂಲೀನ್ ಎಂಬ ಲೌಡ್‌ನೆಸ್ ಮೀಟರ್ ಉಚಿತವಾಗಿ ಸಿಗುತ್ತದೆ. ಹಾಡನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ ‘ಇಂಟಿಗ್ರೇಟೆಡ್’ ಅಂಕಿ ನೋಡಿ. ದನಿ, ಹಾರ್ಮೋನಿಯಂ, ತಬಲಾ ಇರುವ ಹಾಡು −16ರಿಂದ −14ರ ನಡುವೆ ಬಂದರೆ ನಾನು ಕೈ ತೆಗೆಯುತ್ತೇನೆ. ಇನ್ನೊಂದು ಅಂಕಿ ‘ಟ್ರೂ ಪೀಕ್’, ಅದು −1 ದಾಟಬಾರದು. ನಿಮ್ಮ ಮೀಟರಿನಲ್ಲಿ ಕೆಂಪು ಬರಲಿಲ್ಲ, ಎಂಪಿ3 ಮಾಡಿದ ಮೇಲೆ ‘ಸ’ಕಾರ ‘ಶ’ಕಾರಗಳಲ್ಲಿ ಚರಚರ ಯಾಕೆ ಎಂದು ಕೇಳುವವರಿಗೆ ಉತ್ತರವೂ ಇಲ್ಲಿದೆ. ಕಂಪ್ಯೂಟರು ಇಟ್ಟುಕೊಳ್ಳುವುದು ಅಲೆಯ ಮೇಲಿನ ಚುಕ್ಕಿಗಳನ್ನು ಮಾತ್ರ. ಚುಕ್ಕಿಗಳನ್ನು ಜೋಡಿಸಿ ರಂಗೋಲಿ ಎಳೆದಾಗ ಗೆರೆ ಚುಕ್ಕಿಗಿಂತ ಮೇಲೆ ಬಾಗುವುದುಂಟಲ್ಲ, ಹಾಗೆಯೇ ಅಲೆಯ ತುದಿ ಚುಕ್ಕಿಗಳ ನಡುವೆ ಮಿತಿ ಮೀರಬಹುದು. ಎಂಪಿ3 ಮಾಡುವಾಗ ಅಲೆಯ ಆಕಾರವೇ ಕೊಂಚ ಬದಲಾಗಿ ಆ ತುದಿ ಇನ್ನೂ ಏರುತ್ತದೆ. 1 ಡಿಬಿ ಜಾಗ ಬಿಡುವುದು ಅದಕ್ಕೆ.

ಇನ್ನು ಶ್ರುತಿ ತಪ್ಪುವ ವಿಚಿತ್ರ. ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ಹಾಡಿ ಕಳಿಸಿದ್ದು ಇಲ್ಲಿ ತೆರೆದರೆ ದನಿ ದಪ್ಪ, ಹಾಡು ನಿಧಾನ, ಹಾರ್ಮೋನಿಯಂ ಹಿಡಿದರೆ ಯಾವ ಮನೆಗೂ ಕೂರುವುದಿಲ್ಲ. ಹಾಡಿದವನ ಶ್ರುತಿಜ್ಞಾನದ ಮೇಲೆ ಸಂಶಯಪಡುವ ಮೊದಲು ಸ್ಯಾಂಪಲ್ ರೇಟ್ ನೋಡಬೇಕು. ಸಿಡಿಯ ಕಾಲದಿಂದ ಸಂಗೀತಕ್ಕೆ ಸೆಕೆಂಡಿಗೆ 44,100 ಚುಕ್ಕಿಗಳ ರೂಢಿ, ವಿಡಿಯೋಗೆ 48,000. 48,000ದಲ್ಲಿ ರೆಕಾರ್ಡ್ ಆದದ್ದನ್ನು 44,100 ಎಂದು ತಿಳಿದು ಓಡಿಸಿದರೆ 5 ನಿಮಿಷದ ಹಾಡು ಸುಮಾರು 5 ನಿಮಿಷ 27 ಸೆಕೆಂಡು ಆಗುತ್ತದೆ, ಶ್ರುತಿ ಹೆಚ್ಚುಕಡಿಮೆ ಒಂದೂವರೆ ಮನೆ ಇಳಿಯುತ್ತದೆ. ಕಪ್ಪು ಒಂದರಲ್ಲಿ ಹಾಡಿದ್ದರೆ ಅದು ಬಿಳಿ ಒಂದಕ್ಕೂ ಅದರ ಕೆಳಗಿನ ಬಿಳಿ ಏಳಕ್ಕೂ ನಡುವೆ ಬಂದು ಕೂರುತ್ತದೆ. ಆ ಎರಡು ಬಿಳಿ ಮನೆಗಳ ನಡುವೆ ಹಾರ್ಮೋನಿಯಂನಲ್ಲಿ ಕಪ್ಪೇ ಇಲ್ಲ! ಹಾರ್ಮೋನಿಯಂನವರು ಹುಡುಕಿ ಸುಸ್ತಾದದ್ದರಲ್ಲಿ ಆಶ್ಚರ್ಯವಿಲ್ಲ.

ಆಡಾಸಿಟಿಯಲ್ಲಿ ಈ ಎಡವಟ್ಟು ಸುಲಭವಾಗಿ ಆಗುತ್ತದೆ. ಟ್ರ್ಯಾಕಿನ ಹೆಸರು ಒತ್ತಿದಾಗ ಬರುವ ಮೆನುವಿನಲ್ಲಿ ‘ರೇಟ್’ ಇದೆ. ಅದನ್ನು ಬದಲಿಸಿದರೆ ಚುಕ್ಕಿಗಳು ಅವೇ ಇದ್ದು ಓಡುವ ವೇಗ ಬದಲಾಗುತ್ತದೆ. ‘ಟ್ರ್ಯಾಕ್ಸ್’ ಮೆನುವಿನ ‘ರೀಸ್ಯಾಂಪಲ್’ ಮಾತ್ರ ಚುಕ್ಕಿಗಳನ್ನು ಹೊಸದಾಗಿ ಎಣಿಸಿ, ಹಾಡನ್ನು ಹಾಗೇ ಉಳಿಸುತ್ತದೆ. ಅಂದರೆ ಕೆಟ್ಟ ಫೈಲನ್ನು ಸರಿಮಾಡಲು ಮೊದಲನೆಯದು, ಒಳ್ಳೆಯ ಫೈಲನ್ನು ಇನ್ನೊಂದು ರೇಟಿಗೆ ತರಲು ಎರಡನೆಯದು. ಶುರುವಿನಲ್ಲೇ ಮೈಕು, ಪ್ರಾಜೆಕ್ಟು, ಎಕ್ಸ್‌ಪೋರ್ಟು ಮೂರೂ ಕಡೆ 48,000 ಇಟ್ಟುಕೊಂಡರೆ ಈ ತಲೆನೋವೇ ಇಲ್ಲ, ಹೇಗೂ ನಮ್ಮ ಹಾಡುಗಳೆಲ್ಲ ಕೊನೆಗೆ ವಿಡಿಯೋಗೇ ಹೋಗುವುದು.

ಬೇರೆ ಬೇರೆ ಊರಿನಲ್ಲಿ ಕೂತು ಒಂದು ಹಾಡು ಮಾಡುವವರಿಗೆ ಇನ್ನೊಂದು ಕಾಟವಿದೆ. ತಬಲಾ ನುಡಿಸಿದವರು ಕಲಬುರಗಿಯಲ್ಲಿ, ಹಾಡಿದವರು ಇಲ್ಲಿ. ತಬಲಾ ಸದಾ ಎಳೆದಂತೆ, ಸ್ವಲ್ಪವೇ ಹಿಂದೆ. ನುಡಿಸಿದವರು ಲಯದಲ್ಲಿ ಪಕ್ಕಾ ಇದ್ದರು. ಅವರು ಕಳಿಸಿದ್ದು ಎಂಪಿ3. ಎಂಪಿ3 ಮಾಡುವಾಗಲೂ ಬಿಚ್ಚುವಾಗಲೂ ಹಾಡಿನ ಮುಂದೆ ಚೂರು ನಿಶ್ಶಬ್ದ ಸೇರುತ್ತದೆ, ಲೇಮ್ ಎನ್‌ಕೋಡರಿನಲ್ಲಿ ಎರಡೂ ಸೇರಿ ಸುಮಾರು 25 ಮಿಲಿಸೆಕೆಂಡು. ಕೆಲವು ಸಾಫ್ಟ್‌ವೇರುಗಳು ಅದನ್ನು ಕತ್ತರಿಸುತ್ತವೆ, ಕೆಲವು ಇಲ್ಲ. ಮಾತಿಗಾದರೆ 25 ಮಿಲಿಸೆಕೆಂಡು ಲೆಕ್ಕಕ್ಕಿಲ್ಲ. ಸಮ್ ಮೇಲೆ ಬೀಳುವ ‘ಧಾ’ಗೆ ಅದು ಬಹಳ. ಟ್ರ್ಯಾಕುಗಳನ್ನು ಕೊಟ್ಟು ತೆಗೆದುಕೊಳ್ಳುವಾಗ ವೇವ್ ಅಥವಾ ಫ್ಲ್ಯಾಕ್ ಮಾತ್ರ. ಎಲ್ಲರೂ ಹಾಡಿನ ಸೊನ್ನೆಯಿಂದ ಎಕ್ಸ್‌ಪೋರ್ಟ್ ಮಾಡಬೇಕು. ನಾನು ನುಡಿಸುವುದು ಎರಡನೇ ನಿಮಿಷದಲ್ಲಿ, ಅಲ್ಲಿಂದ ಮಾತ್ರ ಕಳಿಸುತ್ತೇನೆ ಎನ್ನುವ ಮಿತವ್ಯಯ ಬೇಡ.

ಗದ್ದಲದ ವಿಷಯಕ್ಕೆ ಬಂದರೆ, ಅಬಿಡ್ಸ್‌ನಲ್ಲಿರುವ ನನಗೆ ಅದರಲ್ಲಿ ಪಿಎಚ್‌ಡಿ ಕೊಡಬಹುದು. ಮೊಜಂಜಾಹಿ ಮಾರ್ಕೆಟ್ ಕಡೆಯಿಂದ ಬರುವ ಬಸ್ಸುಗಳು, ಜಿಪಿಒ ಮುಂದಿನ ಸಿಗ್ನಲ್ಲು. ರಾತ್ರಿ ಹನ್ನೊಂದರ ನಂತರ, ಇಲ್ಲವೇ ಭಾನುವಾರ ಬೆಳಗ್ಗೆ, ಅಂಗಡಿಗಳು ಬಾಗಿಲು ಹಾಕಿ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕದವರು ಹರಡಿಕೊಳ್ಳುವ ಮುಂಚೆ, ಅಷ್ಟೇ ನಮಗೆ ಸಿಗುವ ಸಮಯ. ಆದರೆ ರಸ್ತೆಯ ಸದ್ದಿಗಿಂತ ಹೆಚ್ಚು ಕೆಡಿಸುವುದು ಅದನ್ನು ಅಳಿಸಲು ಬಳಸುವ ‘ನಾಯ್ಸ್ ರಿಡಕ್ಷನ್’. ಅದಕ್ಕೆ ಗದ್ದಲದ ಒಂದು ತುಣುಕು ತೋರಿಸಬೇಕು, ಅಂಥದ್ದನ್ನೆಲ್ಲ ಅದು ಹಾಡಿನಿಂದ ಕಳೆಯುತ್ತದೆ. ಹಾಡು ಶುರುವಾಗುವ ಮುಂಚಿನ ಜಾಗವನ್ನು ತೋರಿಸಿದರಾಯಿತು ಎಂದು ಎಲ್ಲರೂ ಅದನ್ನೇ ಆರಿಸುತ್ತಾರೆ. ನಮ್ಮ ಸಂಗೀತದಲ್ಲಿ ಆ ಜಾಗದಲ್ಲಿ ತಂಬೂರಿ ಮೀಟುತ್ತಿರುತ್ತದೆ! ಫ್ಯಾನೂ ಒಂದೇ ಸಮನೆ, ತಂಬೂರಿಯೂ ಒಂದೇ ಸಮನೆ. ಯಂತ್ರಕ್ಕೆ ಎರಡೂ ಗದ್ದಲವೇ. ಅದು ಷಡ್ಜ ಪಂಚಮಗಳನ್ನು ಹುಡುಕಿ ಹುಡುಕಿ ದನಿಯಿಂದಲೂ ಕೀಳುತ್ತದೆ, ಹಾಡುವವರು ನೀರೊಳಗೆ ಕುಳಿತಂತೆ ಆಗುತ್ತದೆ. ತಂಬೂರಿ ಹಾಕುವ ಮುಂಚೆ ಹತ್ತು ಸೆಕೆಂಡು ಬರೇ ಕೋಣೆಯನ್ನು ರೆಕಾರ್ಡ್ ಮಾಡಿಡಿ, ಅದನ್ನು ತೋರಿಸಿ. 6 ಡಿಬಿ ಇಳಿದರೆ ಸಾಕು. ಉಳಿದ ಫ್ಯಾನಿನ ಸದ್ದು ಕೇಳುವವರ ಮನೆಯ ಫ್ಯಾನಿನ ಜೊತೆ ಬೆರೆತುಹೋಗುತ್ತದೆ.

ಗುಂಯ್ ಎನ್ನುವ ಕರೆಂಟಿನ ಸದ್ದು ಬೇರೆ ಜಾತಿ. ನಮ್ಮ ಕರೆಂಟು 50 ಹರ್ಟ್ಜ್, ಅದರ ಜೊತೆಗೇ 100, 150. ಇದನ್ನು ಸ್ವರದ ಲೆಕ್ಕದಲ್ಲಿ ನೋಡಿದರೆ 50 ಮತ್ತು 100 ಬಂದು ಕೂರುವುದು ಬಿಳಿ ಐದು, ಕಪ್ಪು ನಾಲ್ಕರ ನಡುವೆ, ಬಿಳಿ ಐದಕ್ಕೆ ತುಸು ಹತ್ತಿರ. ಕಪ್ಪು ನಾಲ್ಕರಲ್ಲಿ ಹಾಡುವ ಹೆಣ್ಣುಮಕ್ಕಳು ಬಹಳ. ಅವರ ಹಾಡಿನ ಕೆಳಗೆ ಇದು ಅರ್ಧ ಮನೆಗಿಂತ ಹೆಚ್ಚು ಇಳಿದ ಇನ್ನೊಂದು ತಂಬೂರಿಯ ಹಾಗೆ ಮೀಟುತ್ತಿರುತ್ತದೆ. ಏನೋ ಸರಿಯಿಲ್ಲ, ಏನು ಎಂದು ಗೊತ್ತಾಗುತ್ತಿಲ್ಲ ಎನ್ನುವ ಹಾಡುಗಳಲ್ಲಿ ನಾನು ಮೊದಲು ಇದನ್ನೇ ಹುಡುಕುವುದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ, ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ತಂತಿ ಬದಲಿಸಿ. ಇಲ್ಲಿಂದ ಕೋಠಿಯ ಗುಜರಾತಿ ಗಲ್ಲಿಗೆ ನಡೆದು ಹೋಗುವಷ್ಟೇ ದೂರ, ಬೇಕಾದ ಪಿನ್ನು, ಬೇಕಾದ ಉದ್ದ, ಎದುರಿಗೇ ಬೆಸುಗೆ ಹಾಕಿಸಿಕೊಂಡು ಬರಬಹುದು. ಸಾವಿರಾರು ರೂಪಾಯಿಯ ಪ್ಲಗಿನ್ ಕೊಳ್ಳುವ ಮುಂಚೆ ಒಮ್ಮೆ ಆ ಗಲ್ಲಿ ಸುತ್ತಿ ಬನ್ನಿ.

ಸಣ್ಣಪುಟ್ಟವನ್ನು ಬೇಗ ಹೇಳಿಬಿಡುತ್ತೇನೆ. ಕೊನೆಯ ತಂಬೂರಿಯ ಮೀಟು ಕತ್ತರಿಸಿದಂತೆ ನಿಂತರೆ ಎಕ್ಸ್‌ಪೋರ್ಟಿನ ಗೆರೆಯನ್ನು ಐದಾರು ಸೆಕೆಂಡು ಮುಂದಕ್ಕೆ ಎಳೆಯಿರಿ. ಒಂದು ವಾದ್ಯವೇ ಕಾಣೆಯಾದರೆ ಬೇರೆ ಯಾವುದೋ ಟ್ರ್ಯಾಕಿನ ‘ಸೋಲೋ’ ಒತ್ತಿದ್ದು ಹಾಗೇ ಉಳಿದಿರುತ್ತದೆ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ‘ನಾರ್ಮಲೈಜ್’ ಎಂದಿದ್ದರೆ ತೆಗೆಯಿರಿ, ಕಷ್ಟಪಟ್ಟು ಬಿಟ್ಟ 1 ಡಿಬಿಯನ್ನು ಅದು ಕೇಳದೆಯೇ ತುಂಬಿಬಿಡುತ್ತದೆ. 24 ಬಿಟ್ಟಿನಿಂದ 16ಕ್ಕೆ ಇಳಿಸುವಾಗ ‘ಡಿದರ್’ ಒಂದೇ ಸಲ, ಕಟ್ಟಕಡೆಯಲ್ಲಿ. 24ರಲ್ಲೇ ಉಳಿಸುವುದಾದರೆ ಅದರ ಗೊಡವೆಯೇ ಬೇಡ.

ಎಲ್ಲ ಆದಮೇಲೆ ಕೇಳುವ ಜಾಗ. ನಾನು ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಕೇಳುತ್ತೇನೆ. ಕುಕ್ಕರು ಕೂಗಿದ ನಂತರವೂ ಸಾಹಿತ್ಯ ತಿಳಿಯುತ್ತಿದೆಯೇ? ಪ್ರತಿ ಸಾಲಿನ ಕೊನೆಯ ಅಕ್ಷರ ಉಳಿದಿದೆಯೇ? ಕನ್ನಡದಲ್ಲಿ ಸಾಲಿನ ಕೊನೆಗೆ ಬರುವ ಇ, ಉ, ಎ ತೀರಾ ಮೆತ್ತಗಿರುತ್ತವೆ. ದನಿಯನ್ನು ವಾದ್ಯಕ್ಕಿಂತ ಅರ್ಧ ಡಿಬಿ ಮೇಲಿಟ್ಟರೂ ಸಾಕು, ಅವು ಬದುಕುತ್ತವೆ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ಹಾಡುಗಳ ಕನ್ನಡ ಮೊದಲೇ ಅರ್ಧ ಗೊತ್ತು ಅರ್ಧ ಗೊತ್ತಿಲ್ಲ. ಅವರು ಕೇಳಿ ಕಲಿಯಬೇಕಾದ ಪದವನ್ನು ತಬಲಾ ನುಂಗಿದರೆ ಮುಂದಿನ ಸಲ ಅವರು ಅಲ್ಲಿ ‘ಲಾ ಲಾ’ ಎಂದೇ ಹಾಡುತ್ತಾರೆ, ನಾನು ಕೇಳಿದ್ದೇನೆ.

ಮಾಸ್ಟರ್ ಫೈಲು ಎಂದರೆ 24 ಬಿಟ್, 48,000ದ ವೇವ್. ನಿಮಿಷಕ್ಕೆ 17 ಎಂಬಿಯಷ್ಟು ಆಗುತ್ತದೆ, 5 ನಿಮಿಷದ ಹಾಡು ಸುಮಾರು 86 ಎಂಬಿ. ಜಾಗ ಹೆಚ್ಚೆನಿಸಿದರೆ ಫ್ಲ್ಯಾಕ್ ಮಾಡಿ, ಒಂದು ಚುಕ್ಕಿಯೂ ಹೋಗದೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಎಂಪಿ3 ಹಂಚುವುದಕ್ಕೆ ಮಾತ್ರ, ಅದನ್ನೂ ಪ್ರತಿ ಸಲ ಮಾಸ್ಟರಿನಿಂದಲೇ ತೆಗೆಯಬೇಕು, ಎಂಪಿ3ಯಿಂದ ಎಂಪಿ3 ಅಲ್ಲ. ಬಿಡಿ ಟ್ರ್ಯಾಕುಗಳನ್ನೂ ಬೇರೆ ಡಿಸ್ಕಿನಲ್ಲಿಡಿ. ಫೈಲಿನ ಹೆಸರು ‘ಫೈನಲ್ ಫೈನಲ್ ಹೊಸದು 2’ ಎಂದಿರದೆ, ಹಾಡಿದವರ ಹೆಸರು, ಊರು, ಶ್ರುತಿ, ತಾರೀಖು, ಯಾರಿಂದ ಕಲಿತದ್ದು ಎಂಬುದಿರಲಿ. ಊರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ, ಆಗ ಫೈಲು ಇದ್ದ ಹಾಗೇ ಹೋಗುತ್ತದೆ. ಸ್ಪೀಕರಿನ ಮುಂದೆ ಫೋನ್ ಹಿಡಿದು ವಾಯ್ಸ್ ಮೆಸೇಜು ಮಾಡಿ ಕಳಿಸುವವರು ಇನ್ನೂ ಇದ್ದಾರೆ, ಅವರಿಗೆ ಈ ಲೇಖನದ ಲಿಂಕನ್ನಾದರೂ ಕಳಿಸಿ.